ಉಪ್ಪು ಹಾಕಿದ್ದು ನಾನೇ ಎಂದ ಟೀಚರ್

ಕಳೆದ ಭಾನುವಾರ ಚಹಾ ಪಾತ್ರೆಯ ತಳಕ್ಕೆ ಹಿಡಿದ ಬಿಳಿ ಕರೆಯನ್ನು ಹುಣಸೆಹುಳಿ ಹಾಕಿ ತಿಕ್ಕುತ್ತಾ ಕೂತಿದ್ದೆ. ಬ್ರಹ್ಮಾವರದ ಈ ಬಾಡಿಗೆ ಮನೆಗೆ ಬೋರ್‌ವೆಲ್ ನೀರು. ಎಷ್ಟು ತಿಕ್ಕಿದರೂ ವಾರ ಕಳೆಯುವುದರೊಳಗೆ ಮತ್ತೆ ಅದೇ ಬಿಳಿ... "ಹೊಸ ಪಾತ್ರೆ ತಕಣಿ, ಅದ್ರೊಟ್ಟಿಗೆ ಎಂತಕ್ಕೆ ಹೊಡ್ದಾಡ್ತ್ರಿ" ಎಂದು ಕೆಳಗಿನ ಮನೆಯವರು ನನ್ನನ್ನು ನೋಡಿ ನಗುತ್ತಾರೆ. ತಪ್ಪು ಪಾತ್ರೆಯದ್ದಲ್ಲ, ನೀರಿನದ್ದು ಎಂದು ಹೇಳಲು ಹೊರಟು ಸುಮ್ಮನಾಗುತ್ತೇನೆ. ಒಬ್ಬಳೇ ಇರುವ ಹೆಂಗಸು ನೀರಿನ ಬಗ್ಗೆ ಭಾಷಣ ಶುರುಮಾಡಿದರೆ ಜನ ಏನೆಂದುಕೊಳ್ಳುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತು. ನೋಡಿದ್ದೇನೆ.

ಆ ದಿನ ಮಾತ್ರ ಉಗುರಿನಿಂದ ಒಂದು ಚೂರು ಕರೆ ಎಬ್ಬಿಸಿ ನಾಲಿಗೆಗೆ ಮುಟ್ಟಿಸಿ ನೋಡಿದೆ. ಉಪ್ಪಲ್ಲ, ಬರೀ ಸುಣ್ಣದ ಸಪ್ಪೆ. ಹೀಗೆ ಸಿಕ್ಕಿದ್ದನ್ನೆಲ್ಲ ನಾಲಿಗೆಗೆ ಹಚ್ಚಿ ನೋಡುವುದು ನನ್ನ ಬುದ್ಧಿಯಲ್ಲ. ಹೈಸ್ಕೂಲಿನಲ್ಲಿ ನಮಗೆ ವಿಜ್ಞಾನ ಕಲಿಸಿದ ಟೀಚರ್ ನನ್ನೊಳಗೆ ಬಿಟ್ಟುಹೋದ ಚಾಳಿ ಅದು. ತಿಕ್ಕುವುದನ್ನು ಅಲ್ಲಿಗೇ ಬಿಟ್ಟೆ. ಕೈಯಲ್ಲಿ ಹುಣಸೆಹುಳಿಯ ವಾಸನೆ, ಮನಸ್ಸೆಲ್ಲ ಟೀಚರ್...

ನಮ್ಮೂರು ಬೈಂದೂರಿಗೆ ಹೋಗುವ ದಾರಿಯಲ್ಲಿ, ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ. ನಡುವಿನ ಮರಳಪಟ್ಟಿಯ ಮೇಲೆ ನಮ್ಮ ಮನೆಗಳು. ಹೈಸ್ಕೂಲು ಮಾತ್ರ ಹೈವೇಯ ಆಚೆ, ಕೆಂಪು ಕಲ್ಲಿನ ಗುಡ್ಡೆಯ ಮೇಲೆ. ನಾನು ಒಂಬತ್ತನೇ ಕ್ಲಾಸಿಗೆ ಬಂದ ವರ್ಷ ಟೀಚರ್ ಬಂದರು. ವಿಜಯಪುರದ ಕಡೆಯವರು. ಅವರ ಮಾತು ಕೇಳಿ ಮೊದಲ ವಾರ ನಾವು ಪಾಠ ಕೇಳಿದ್ದಕ್ಕಿಂತ ನಕ್ಕಿದ್ದೇ ಹೆಚ್ಚು. ಹುಡುಗಿಯರನ್ನೆಲ್ಲ 'ತಂಗಿ' ಎನ್ನುವರು, ಹುಡುಗರನ್ನು 'ತಮ್ಮ' ಎನ್ನುವರು. ನಮ್ಮಲ್ಲಿ ಟೀಚರ್ ಎಂದರೆ 'ಹೆಣೆ, ಬಾಯ್ ಮುಚ್ಕಂಡ್ ಕೂಕೊ' ಎಂದು ಗದರುವವರು. ಇವರಿಗೆ ಗದರಲು ಬರುತ್ತಿರಲಿಲ್ಲ. ಸಿಟ್ಟು ಬಂದರೆ ಕಿಟಕಿಯ ಹತ್ತಿರ ಹೋಗಿ ನಿಂತು, ನಾವು ಸುಮ್ಮನಾದ ಮೇಲೆ ತಿರುಗುತ್ತಿದ್ದರು.

ಶಾಲೆಯ ಹಿಂದೆ ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬರೇ ಇದ್ದರು. ಮೀನು ತಿನ್ನುತ್ತಿರಲಿಲ್ಲ. ನಮ್ಮೂರಲ್ಲಿ ಮೀನು ತಿನ್ನದವರಿಗೆ ಏನು ಕೊಟ್ಟು ಸ್ನೇಹ ಮಾಡುವುದೆಂದು ಯಾರಿಗೂ ತಿಳಿಯದು. ಒಳ್ಳೆಯ ಅಂಜಲ್ ಸಿಕ್ಕಿದ ದಿನ ಒಂದು ತುಂಡು ತೆಗೆದಿಟ್ಟು ಕೊಡುವುದು, ಬಂಗುಡೆ ಹೆಚ್ಚಾದರೆ ಬೇಲಿಯಾಚೆ ದಾಟಿಸುವುದು, ಇಷ್ಟೇ ನಮಗೆ ಗೊತ್ತಿದ್ದ ಬಳಕೆ. ಹಾಗಾಗಿ ಅವರ ಬಾಗಿಲಿಗೆ ಯಾರೂ ಹೋಗಲಿಲ್ಲ. ಅವರಿಗೆ ಗಂಡ ಮಕ್ಕಳು ಇದ್ದರೋ, ಇದ್ದು ಏನಾಯಿತೋ... ಊರಿನ ಹೆಂಗಸರು ಬಗೆಬಗೆಯ ಕತೆ ಕಟ್ಟಿದರು. ನನಗೆ ಇವತ್ತಿಗೂ ಗೊತ್ತಿಲ್ಲ.

ಪುಸ್ತಕದಲ್ಲಿ ಹವಾಮಾನ ಬದಲಾವಣೆಯ ಪಾಠ ಬಂದ ದಿನ ಏನೇನು ಗೊತ್ತು ಹೇಳಿ ಎಂದರು. ನಾವೆಲ್ಲ ಒಂದೇ ಸ್ವರದಲ್ಲಿ ಹಿಮಕರಡಿ ಎಂದೆವು. ಪುಸ್ತಕದಲ್ಲಿ ಅದರದ್ದೇ ಚಿತ್ರವಿತ್ತು, ಮಂಜಿನ ತುಂಡಿನ ಮೇಲೆ ಪಾಪ ಒಂದೇ ಕೂತದ್ದು. ಟೀಚರ್ ಪುಸ್ತಕ ಮಡಚಿ ಮೇಜಿನ ಮೇಲಿಟ್ಟರು.

"ಹಿಮಕರಡಿ ನಿಮ್ಮ ಮನಿಗೆ ಬಂದಿತ್ತೇನು? ನಿಮ್ಮ ಬಾಂವಿ ನೀರು ಹೆಂಗೈತಿ, ಅದನ್ನ ಹೇಳ್ರಿ ಮೊದ್ಲ."

ಬಾವಿಯ ಮಾತು ಹೊರಗಿನವರ ಎದುರು ಆಡುವುದಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಯಾರೂ ಕೂರಿಸಿ ಹೇಳಿಕೊಟ್ಟದ್ದಲ್ಲ. ಹೇಗೋ ಗೊತ್ತಿತ್ತು. ಸಂಕ್ರಾಂತಿ ಕಳೆದು ಹೊಳೆಯ ನೀರು ಇಳಿದರೆ ನಮ್ಮ ಬಾವಿಗಳೆಲ್ಲ ಉಪ್ಪಾಗುತ್ತಿದ್ದವು. ಅಜ್ಜನ ಕಾಲದಲ್ಲಿ ಮೇ ತಿಂಗಳ ಕೊನೆಗೆ ಒಂದಿಷ್ಟು ಉಪ್ಪಾದರೆ ಉಂಟು, ಇಲ್ಲದಿದ್ದರೆ ಇಲ್ಲ. ನಾವು ದೊಡ್ಡವರಾಗುವಷ್ಟರಲ್ಲಿ ಬೇಸಿಗೆ ಪೂರ್ತಿ ಆ ನೀರನ್ನು ಬಾಯಿಗೆ ಹಾಕುವ ಹಾಗಿರಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಹೆಂಗಸರೆಲ್ಲ ಕೊಡ ಹಿಡಿದು ಗುಡ್ಡೆ ಹತ್ತಿ ಶಾಲೆಯ ಬಾವಿಯಿಂದ ಕುಡಿಯುವ ನೀರು ತರುತ್ತಿದ್ದರು. ಅಷ್ಟು ದೂರದಿಂದ ಯಾಕೆ ಎಂದು ನೆಂಟರು ಕೇಳಿದರೆ ಆ ನೀರಲ್ಲಿ ಬೇಳೆ ಚೆನ್ನಾಗಿ ಬೇಯುತ್ತದೆ ಎನ್ನುವುದು. ಉಪ್ಪು ನೀರಿನ ಮನೆಗೆ ಹೆಣ್ಣು ಕೊಡುವವರಿಲ್ಲ, ಜಾಗ ಮಾರಿದರೆ ಕೊಳ್ಳುವವರಿಲ್ಲ. ಅದಕ್ಕೆ ಊರಿಗೆ ಊರೇ ಬೇಳೆಯ ಕತೆಯನ್ನು ಹಿಡಿದುಕೊಂಡು ಕೂತಿತ್ತು.

ಟೀಚರ್ ಕೋಣೆಯ ಕಿಟಕಿ ಆ ಬಾವಿಯ ಕಡೆಗೇ ಇತ್ತು. ಬಂದ ಹೊಸತರಲ್ಲಿ, ಮಳೆ ಹಿಡಿಯುವ ಮೊದಲು, ದಿನಾ ಬೆಳಿಗ್ಗೆ ಅಷ್ಟು ಕೊಡಗಳನ್ನು ನೋಡಿದವರು ಬೇಳೆಯ ಕತೆಯನ್ನು ಎಷ್ಟು ನಂಬಿದರೋ!

ಅವರು ನಮ್ಮನ್ನು ದಡಕ್ಕೆ ಕರೆದುಕೊಂಡು ಹೋದರು. ಕಲ್ಲಿನ ತಡೆಗೋಡೆಯ ಮೇಲೆ ಕೂರಿಸಿ, ಕಡಲು ಮೊದಲು ಎಲ್ಲಿತ್ತೆಂದು ಮನೆಯಲ್ಲಿ ಹಿರಿಯರನ್ನು ಕೇಳಿಕೊಂಡು ಬರಲು ಹೇಳಿದರು. ಒಬ್ಬನ ಅಜ್ಜಿ ನೀರಿನೊಳಗೆ ಬೆರಳು ತೋರಿಸಿ ತಾನು ಮದುವೆಯಾಗಿ ಬಂದಾಗ ಮೀನು ಒಣಗಿಸುತ್ತಿದ್ದ ಅಂಗಳ ಅಲ್ಲಿತ್ತು ಎಂದಳಂತೆ. ಭೂಮಿ ಬಿಸಿಯಾದರೆ ಕಡಲು ಉಬ್ಬುವುದು, ಹೊಳೆ ಸೊರಗಿದರೆ ಉಪ್ಪು ನೀರು ಒಳಗೆ ಏರುವುದು, ನಾವು ಪಂಪು ಹಾಕಿ ಬಾವಿ ಎಳೆದಷ್ಟೂ ಅಡಿಯಿಂದ ಅದು ಜಾಗ ಹಿಡಿಯುವುದು, ಮನೆಯ ಮಾಡಿನ ಮೇಲೆ ಬಿದ್ದ ಮಳೆನೀರನ್ನು ಬಾವಿಗೆ ಇಳಿಸಿದರೆ ಉಪ್ಪು ಹಿಂದೆ ಸರಿಯುವುದು... ಇದನ್ನೆಲ್ಲ ನಾನು ಆ ಕಲ್ಲುಗಳ ಮೇಲೆ ಕೂತು ಕಲಿತದ್ದು. ಶಾಲೆಯ ಮಾಡಿಗೆ ನೀರು ಹರಿಯುವ ದೋಣಿ ಕಟ್ಟಿಸಿ, ಮರಳು ಇದ್ದಿಲು ತುಂಬಿದ ಡ್ರಮ್ಮಿನಿಂದ ಸೋಸಿ ನೀರನ್ನು ಬಾವಿಗೆ ಬಿಟ್ಟವರೂ ಅವರೇ. ಅಡಿಕೆ ಮರದ ದಬ್ಬೆ ಸೀಳಿ ದೋಣಿ ಮಾಡಿದ್ದು ನಾವು. ಕಟ್ಟಿದ ಮೇಲೆ ಬಂದ ಮೊದಲ ಮಳೆಗೇ ಆ ದೋಣಿ ಕಳಚಿ ಹೆಡ್ ಮಾಸ್ಟರ ಬೈಕಿನ ಮೇಲೆ ಬಿತ್ತು. ಟೀಚರ್ ಹಾಗೆ ನಕ್ಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಸಂಕ್ರಾಂತಿ ಕಳೆದು ಬಾವಿಗಳು ಉಪ್ಪಾದ ಮೇಲೆ ತಟ್ಟೆಗಳ ಪಾಠ. ಮನೆಯಿಂದ ಒಂದು ಸ್ಟೀಲ್ ತಟ್ಟೆಯನ್ನೂ ಒಂದು ಬಾಟಲಿ ಬಾವಿ ನೀರನ್ನೂ ತರಬೇಕು, ನೀರನ್ನು ತಟ್ಟೆಗೆ ಹಾಕಿ ಶಾಲೆಯ ಟೆರೇಸಿನ ಬಿಸಿಲಲ್ಲಿ ಒಣಗಿಸಬೇಕು, ನೀರು ಆರಿದ ಮೇಲೆ ತಟ್ಟೆಯಲ್ಲಿ ಏನು ಉಳಿಯುತ್ತದೆಂದು ನೋಡಬೇಕು. ನಮ್ಮ ಮನೆಗಳ ತಟ್ಟೆಗಳ ಅಂಚಿಗೆಲ್ಲ ಹೆಸರು ಕೊರೆಸಿರುತ್ತಾರಲ್ಲ, ಮದುವೆ ಮುಂಜಿಗೆ ಕೊಟ್ಟಾಗ ಅದಲುಬದಲಾಗದಿರಲಿ ಎಂದು? ಟೀಚರಿಗೆ ಅದು ಬಹಳ ಅನುಕೂಲವೆನಿಸಿತು. ಯಾರ ಮನೆಯದು ಯಾವುದೆಂದು ಚೀಟಿ ಅಂಟಿಸುವ ಕೆಲಸವೇ ಇರಲಿಲ್ಲ.

ಅಮ್ಮ ನಸುಕಿಗೇ ಗಂಗೊಳ್ಳಿ ಬಂದರಿಗೆ ಹೋಗಿ ಮೀನು ಕೊಂಡು, ಮಾರಲು ಹಾಗೆಯೇ ಒಳನಾಡಿನ ವಂಡ್ಸೆ ಕಡೆಯ ಬಸ್ಸು ಹತ್ತುವವಳು. ಅಣ್ಣ ಬೋಟಿನಲ್ಲಿ. ತಟ್ಟೆ ಒಯ್ಯುವ ಬೆಳಿಗ್ಗೆ ಮನೆಯಲ್ಲಿ ನನ್ನನ್ನು ಕೇಳುವವರು ಹೇಳುವವರು ಯಾರೂ ಇರಲಿಲ್ಲ. ನಮ್ಮ ಬಾವಿಗೇ ಕೊಡಪಾನ ಬಿಟ್ಟು ನೀರೆಳೆದು ಬಾಟಲಿ ತುಂಬಿಸಿದೆ. ಅಜ್ಜನ ಹೆಸರು ಕೊರೆದ ತಟ್ಟೆಯನ್ನು ಬ್ಯಾಗಿಗೆ ಹಾಕಿಕೊಂಡು ಹೋದೆ.

ನೀರೆಲ್ಲ ಆರಿದ ದಿನ ಟೆರೇಸಿಗೆ ಹೋಗಿ ನೋಡಿದರೆ, ಎಲ್ಲರ ತಟ್ಟೆಗಳೂ ಒಂದೇ ಥರ ಸ್ವಚ್ಛ. ಅಂಚಿನಲ್ಲೊಂದು ತೆಳು ಗೆರೆ, ಅಷ್ಟೇ. ನನ್ನದು ಮಾತ್ರ ಅಕ್ಕಿಹಿಟ್ಟು ಸಾರಿಸಿದ ಹಾಗೆ ಬೆಳ್ಳಗೆ ಕೂತಿತ್ತು. ಪಕ್ಕದಲ್ಲಿದ್ದ ಹುಡುಗಿ ನನ್ನ ಕಿವಿಯಲ್ಲಿ, "ನೀ ಮಳ್ಳಿಯಾ? ನಿನ್ ಅಬ್ಬಿ ಹೇಳ್ಳಿಲ್ಯಾ? ನಾವೆಲ್ಲ ಬಪ್ಪತಿಗೆ ಶಾಲೆ ಬಾವಿಯಂಗೇ ತುಂಬ್ಸಿದ್ದ್" ಎಂದಳು. ಶಾಲೆಯ ಬಾವಿಯ ನೀರನ್ನೇ ತುಂಬಿಸಿ ಎಂದು ಊರಿನ ಅಮ್ಮಂದಿರೆಲ್ಲ ತಟ್ಟೆ ಒಯ್ಯುವ ಹಿಂದಿನ ಸಂಜೆಯೇ ಮಕ್ಕಳಿಗೆ ಹೇಳಿಕೊಟ್ಟಿದ್ದರು.

ಟೀಚರ್ ಶಾಲೆಯ ಬಾವಿಯ ನೀರನ್ನೂ ಒಂದು ತಟ್ಟೆಯಲ್ಲಿ ಒಣಗಿಸಿಟ್ಟಿದ್ದರು, ಹೋಲಿಸಿ ನೋಡಲು. ಅದನ್ನು ಒಂದೊಂದೇ ತಟ್ಟೆಯ ಪಕ್ಕಕ್ಕೆ ಹಿಡಿಯುತ್ತಾ ಸಾಲಿನ ಕೊನೆಯವರೆಗೂ ಹೋದರು. ಬೇಲಿಗೆ ಬೇಲಿ ತಾಗಿದ ಮನೆಗಳು. ಒಂದು ಬಾವಿ ಉಪ್ಪು, ಸುತ್ತಲಿನವೆಲ್ಲ ಸಿಹಿ ಎಂದರೆ ಯಾರು ನಂಬುತ್ತಾರೆ? ಅವರು ಬೈಯಲಿಲ್ಲ. ನನ್ನ ತಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಬೆರಳಿನ ತುದಿಯಿಂದ ಉಪ್ಪು ತೆಗೆದು ನಾಲಿಗೆಗೆ ಹಚ್ಚಿಕೊಂಡರು.

"ಇದೊಂದ ಖರೆ ಹೇಳೈತಿ" ಎಂದರು.

ಆ ಮಾತಿಗೆ ನಾನು ಎಷ್ಟು ಉಬ್ಬಿಹೋದೆ! ಕ್ಲಾಸಿನವರು ನನ್ನ ಮೇಲೆ ಮುನಿದದ್ದೂ ಗೊತ್ತಾಗಲಿಲ್ಲ. ವಿಜ್ಞಾನ ದಿನಕ್ಕೆ ಶಾಲೆಯಲ್ಲಿ ವಸ್ತು ಪ್ರದರ್ಶನ, ಊರಿನವರೆಲ್ಲ ಬರುತ್ತಾರೆ, ಆಗ ಈ ತಟ್ಟೆಯನ್ನು ಮುಂದಿಟ್ಟುಕೊಂಡೇ ಎಲ್ಲರೊಟ್ಟಿಗೆ ಕೂತು ಮಾತಾಡೋಣ, ಯಾರನ್ನೂ ನಾಚಿಸುವುದು ಬೇಡ ಎಂದರು ಟೀಚರ್. ಉಪ್ಪು ಎಲ್ಲರದೂ ಹೌದೆಂದು ಊರು ಒಪ್ಪಿದರೆ ಮಾಡಿನ ನೀರನ್ನು ಬಾವಿಗಿಳಿಸುವ ಕೆಲಸವನ್ನು ಮನೆಮನೆಗೂ ಹಿಡಿಸಬಹುದು, ಉಪ್ಪು ನೀರು ಏರದಂತೆ ಹೊಳೆಗೆ ಅಡ್ಡ ಕಟ್ಟ ಕೇಳಬಹುದು. ಅಷ್ಟೇ ಅವರ ಆಸೆ. ಅಷ್ಟಕ್ಕಾಗಿ ಅವರು ತಿಂಗಳಿಡೀ ಹಳೆಯ ಕ್ಯಾಲೆಂಡರುಗಳ ಬೆನ್ನಿಗೆ ಚಿತ್ರ ಬರೆಸಿದರು. ಪ್ಲಾಸ್ಟಿಕ್ ಬ್ಯಾನರ್ ಬೇಡವೆಂದು ಹೆಡ್ ಮಾಸ್ಟರೊಟ್ಟಿಗೆ ಜಗಳವನ್ನೂ ಆಡಿದರು.

ಅದೇ ಹೊತ್ತಿಗೆ ಅಣ್ಣನಿಗೆ ವಂಡ್ಸೆಯ ಹುಡುಗಿಯೊಬ್ಬಳ ಮಾತು ನಡೆಯುತ್ತಿತ್ತು. ನಮ್ಮದೇ ಜನ, ಆದರೆ ಅವಳ ಅಜ್ಜನ ಕಾಲದಲ್ಲೇ ಕಡಲು ಬಿಟ್ಟು ಅಲ್ಲಿ ಅಂಗಡಿ ಇಟ್ಟವರು. ಅಮ್ಮ ಮೀನು ಮಾರುತ್ತಾ ಆ ಹುಡುಗಿಯನ್ನು ಕಂಡು ಮೆಚ್ಚಿದ್ದಳು. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ನಡೆಯಬೇಕಿದ್ದ ಮೊದಲ ಮದುವೆ. ಅಮ್ಮನಿಗೆ ಅದರದ್ದೇ ಧ್ಯಾನ. ಹುಡುಗಿಯ ಕಡೆ ತೀರ್ಮಾನ ಅವಳ ಸೋದರಮಾವನದು, ಬಾವಿಗಳು ಹೀಗೆ ಉಪ್ಪಾಗುವ ಮೊದಲೇ ಮುಂಬಯಿಗೆ ಹೋಗಿ ಹೋಟೆಲ್ ಇಟ್ಟವರು. ಅವರು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿ ಎಂಬುದು ನಮಗೆ ಗೊತ್ತಿತ್ತು. ಶಾಲೆಗೆ ಫ್ಯಾನು ಕೊಟ್ಟದ್ದಕ್ಕೆ ಹೆಡ್ ಮಾಸ್ಟರು ಅವರನ್ನೇ ಪ್ರದರ್ಶನಕ್ಕೆ ಅತಿಥಿಯಾಗಿ ಕರೆದದ್ದು ಮಾತ್ರ ಗೊತ್ತಿರಲಿಲ್ಲ.

ಅಮ್ಮ ಆ ದಿನ ಮೀನಿಗೆ ರಜೆ ಹಾಕಿ, ಪೆಟ್ಟಿಗೆಯ ಸೀರೆ ಉಟ್ಟು, ಮಗಳ ಸಾಧನೆ ನೋಡಲು ಬಂದಿದ್ದಳು. ಮೇಜಿನ ಹತ್ತಿರ ಬಂದು ತಟ್ಟೆ ನೋಡಿದ್ದೇ ಅವಳ ಮುಖದ ಬಣ್ಣ ಇಳಿಯಿತು. "ಇದನ್ನ್ ಇಲ್ಲಿಗ್ ತಪ್ಪುಕ್ ಯಾರ್ ಹೇಳದ್ದ್ ನಿಂಗೆ?" ಎಂದು ನನ್ನ ರಟ್ಟೆ ಹಿಡಿದಳು. ಅಷ್ಟರಲ್ಲಿ ಬಾಗಿಲಿನಿಂದ ಅತಿಥಿಗಳ ಗುಂಪು ಒಳಗೆ ಬಂತು. ಹುಡುಗಿಯ ಆ ಸೋದರಮಾವ ಕುತ್ತಿಗೆಯಲ್ಲಿ ಮಲ್ಲಿಗೆ ಹಾರ ಇಟ್ಟುಕೊಂಡೇ ಮೇಜುಗಳನ್ನು ನೋಡುತ್ತಾ, ಎಲ್ಲದಕ್ಕೂ "ವಾಹ್, ಬಹುತ್ ಅಚ್ಛಾ" ಎನ್ನುತ್ತಾ ನಮ್ಮ ಮೇಜಿಗೆ ಬಂದರು. ಸಾಲಾಗಿ ಇಟ್ಟ ತಟ್ಟೆಗಳಲ್ಲಿ ಬೆಳ್ಳಗಿದ್ದ ನಮ್ಮದನ್ನು ಎತ್ತಿ ಅಂಚಿನ ಹೆಸರು ಓದಿದರು. ಇನ್ನೊಮ್ಮೆ ಓದಿದರು.

"ಇದೆಂತ ಟೀಚರ್? ಎಲ್ಲ ಮನೆ ನೀರ್ ಲಾಯ್ಕಿತ್ತ್, ಈ ಒಂದ್ ಮನೆದ್ ಮಾತ್ರ ಉಪ್ಪಾ? ಈ ಮನೆಗೆ ನಮ್ ಹೆಣ್ಣ್ ಕೊಡುದಂದೇಳಿ ಮಾತ್ ನಡಿತಾ ಇತ್ತ್, ಅದಕ್ಕ್ ಕೇಂಡದ್ದ್."

ಟೀಚರಿಗೆ ಮದುವೆಯ ಸುದ್ದಿಯೇ ಗೊತ್ತಿರಲಿಲ್ಲ. ಅವರು ಮಾವನನ್ನು ನೋಡಿದರು, ಸುತ್ತ ನಿಂತ ಊರಿನವರನ್ನು ನೋಡಿದರು. ಬೇರೆ ತಟ್ಟೆಗಳವರೆಲ್ಲ ನೆಲ ನೋಡುತ್ತಿದ್ದರು. ಒಬ್ಬರಾದರೂ, ನಮ್ಮದೂ ಉಪ್ಪೇ ಮಾರಾಯ್ರೆ, ಎಂದಿದ್ದರೆ... ಯಾರೂ ಅನ್ನಲಿಲ್ಲ. ಉಳಿದ ನೀರೆಲ್ಲ ಶಾಲೆಯ ಬಾವಿಯದು ಎಂದು ಟೀಚರೇ ಹೇಳಬಹುದಿತ್ತು, ಹೇಳಿದರೆ ಊರಿನ ಗಂಡುಮಕ್ಕಳೆಲ್ಲರ ಮದುವೆಗೂ ಅದೇ ಗತಿ. ಸುಮ್ಮನಿದ್ದರೆ ನಮ್ಮೊಂದು ಮನೆ ಮುಳುಗುತ್ತಿತ್ತು. ಕೊನೆಗೆ ಅವರ ಕಣ್ಣು ಅಮ್ಮನ ಮೇಲೆ ನಿಂತಿತು. ಅಮ್ಮ ನನ್ನ ರಟ್ಟೆಯನ್ನು ಇನ್ನೂ ಬಿಟ್ಟಿರಲಿಲ್ಲ.

"ಇಲ್ರಿ" ಎಂದರು ಟೀಚರ್. "ಆ ತಾಟಿಗೆ ಉಪ್ಪು ಹಾಕಿದ್ದು ನಾನ. ಮಕ್ಕಳಿಗೆ ಫರಕು ತೋರ್ಸಬೇಕಲ್ಲ, ಅದಕ್ಕ."

ಮಾವ ಜೋರಾಗಿ ನಕ್ಕುಬಿಟ್ಟರು. ಅಮ್ಮನ ಕೈ ಸಡಿಲವಾಯಿತು. ಆಮೇಲೆ ಸಭೆಯಲ್ಲಿ ಪಂಚಾಯತಿಯವರೊಬ್ಬರು ಎದ್ದು ನಿಂತು, ನಮ್ಮೂರಿನ ನೀರು ಸಿಹಿ ಎಂದು ಇವತ್ತು ವಿಜ್ಞಾನವೇ ತೋರಿಸಿಕೊಟ್ಟಿತೆಂದು ಭಾಷಣ ಬಿಗಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಟೀಚರನ್ನು ವೇದಿಕೆಗೆ ಕರೆದರು. ಅವರು ಹೋಗಲಿಲ್ಲ, ಮೇಜಿನ ಹಿಂದೆ ನಿಂತು ಕ್ಯಾಲೆಂಡರಿನ ಹಾಳೆಗಳನ್ನು ಸುರುಳಿ ಸುತ್ತುತ್ತಿದ್ದರು. ನನ್ನ ಕಡೆ ನೋಡಲಿಲ್ಲ.

ಇದರ ನಂತರ ನಡೆದದ್ದನ್ನು ನೆನೆದರೆ ನಗುವುದೋ ಅಳುವುದೋ... ಅಷ್ಟು ದಿನ ದೂರ ಇಟ್ಟಿದ್ದ ಊರು ಟೀಚರನ್ನು ಹಚ್ಚಿಕೊಂಡಿತು! ಮೀನು ತಿನ್ನದಿದ್ದರೇನು, ಹಲಸಿನ ಹಣ್ಣು ತಿನ್ನುವುದಿಲ್ಲವೇ? ಹಲಸು ಹೋಯಿತು, ಹಪ್ಪಳ ಹೋಯಿತು, ಅಮ್ಮನ ಕಡೆಯಿಂದ ಮದುವೆಯ ಸೀರೆಯೂ ಹೋಯಿತು. ಅವರು ತೆಗೆದುಕೊಂಡು, ಬಾಗಿಲು ಹಾಕಿಕೊಳ್ಳುತ್ತಿದ್ದರು. ಮುಂದಿನ ಒಂಬತ್ತನೆಯವರಿಗೆ ದಡದ ಪಾಠ ಇರಲಿಲ್ಲ, ತಟ್ಟೆಯ ಪಾಠವೂ ಇರಲಿಲ್ಲ. ಹವಾಮಾನದ ಪಾಠವನ್ನು ಪುಸ್ತಕ ಹಿಡಿದು ಓದಿಸಿ, ಪ್ರಶ್ನೆಗಳಿಗೆ ಉತ್ತರ ಬರೆಸಿ ಮುಗಿಸಿದರಂತೆ. ಹಿಮಕರಡಿಯ ಚಿತ್ರ ಇದ್ದಲ್ಲೇ ಇತ್ತು. ಒಬ್ಬರೇ ಇದ್ದಾಗ ಅವರು ಇಷ್ಟು ಒಂಟಿಯಾಗಿ ಕಂಡಿರಲಿಲ್ಲ.

ಮೇ ತಿಂಗಳಲ್ಲಿ ಮದುವೆಯಾಗಿ ಅತ್ತಿಗೆ ಬಂದಳು. ನೆಂಟರ ಮನೆಗಳಿಗೆ ಹೋಗಿ ಬರುವ ಗಡಿಬಿಡಿಯಲ್ಲಿ ಆ ಬೇಸಿಗೆ ಹೇಗೋ ಜಾರಿತು. ಮಳೆ ಹಿಡಿದ ಮೇಲೆ ನಮ್ಮ ಬಾವಿಯೂ ಎಲ್ಲರ ಬಾವಿಯಂತೆ ತುಂಬಿ ಸಿಹಿಯಾಯಿತು. ಮಳೆಗಾಲದಲ್ಲಿ ನಮ್ಮೂರಲ್ಲಿ ಯಾರಿಗೂ ಉಪ್ಪಿನ ನೆನಪಿರುವುದಿಲ್ಲ. ಸಂಕ್ರಾಂತಿ ಕಳೆಯುತ್ತಿದ್ದ ಹಾಗೆ ಅತ್ತಿಗೆಯ ಸೋಪಿನಲ್ಲಿ ನೊರೆ ಬರುವುದು ನಿಂತಿತು. ಅವಳ ಉದ್ದ ಕೂದಲು ಅಂಟಂಟಾಗಿ ಜಡೆಗಟ್ಟಿತು. ಅಮ್ಮ ಬೇಳೆಯ ಕತೆ ಹೇಳಿದಳು. ಅತ್ತಿಗೆ ಪಿಯುಸಿ ಓದಿದವಳು, ಬೇಳೆಯ ಕತೆ ಎಷ್ಟು ದಿನ ನಿಂತೀತು? ಬಾವಿಕಟ್ಟೆಯಲ್ಲಿ ಹೆಂಗಸೊಬ್ಬಳು, ನಮ್ಮ ಟೀಚರ್ ಎಂಥ ಜಾಣೆ ಗೊತ್ತುಂಟಾ, ಎಂದು ಹಿಂದಿನ ವರ್ಷದ ತಟ್ಟೆಯ ಸಂಗತಿಯನ್ನು ಅವಳೆದುರಿಗೇ ನಗುತ್ತಾ ಹೇಳಿಬಿಟ್ಟಳು.

ಆ ಸಂಜೆ ಅತ್ತಿಗೆ ಕೊಡ ಎತ್ತಿಕೊಂಡು ಗುಡ್ಡೆ ಹತ್ತಿದಳು. ನಾನು ಚಿಕ್ಕ ಕೊಡ ಹಿಡಿದು ಅವಳ ಹಿಂದೆ ಓಡಿದೆ. ನಮಗೆ ಎಸ್ಸೆಸ್ಸೆಲ್ಸಿಯ ಸ್ಪೆಷಲ್ ಕ್ಲಾಸು ಮುಗಿದು ಟೀಚರ್ ಒಬ್ಬರೇ ಜಗಲಿಯಲ್ಲಿ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದರು. ಅತ್ತಿಗೆ ಮೆಟ್ಟಿಲ ಕೆಳಗೆ ನಿಂತಳು. ಕೂಗಾಡಲಿಲ್ಲ.

"ಟೀಚರ್, ನೀವ್ ಕಲ್ತವ್ರ್. ನಿಮ್ ಮಾತ್ ಕೇಂಡೇ ನನ್ ಮಾವ ಹೂಂ ಅಂದದ್ದ್. ಆ ನೀರಂಗೆ ಬದ್ಕುದ್ ನಾನಲ್ದಾ? ನನ್ನ ಒಂದ್ ಮಾತ್ ಕೇಂಬ ಅಂದೇಳಿ ನಿಮ್ಗ್ ಕಾಣ್ಲಿಲ್ಯಾ?"

ಟೀಚರ್ ಪೆನ್ನಿನ ಮುಚ್ಚಳ ಹಾಕಿದರು. ನನಗೆ ಅವರ ಪರವಾಗಿ ಏನಾದರೂ ಹೇಳಬೇಕೆನಿಸಿತು. ಆದರೆ ಅತ್ತಿಗೆ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಮ್ಮನ ಮುಖ ಕಂಡವರಿಗೆ, ಅಲ್ಲಿ ಇರದಿದ್ದ ಹುಡುಗಿಯ ಮುಖ ಕಾಣುವುದು ಹೇಗೆ?

"ಇಲ್ಲವ್ವಾ ತಂಗಿ" ಎಂದರು ಕೊನೆಗೆ. "ನಿನ್ನ ವಿಚಾರ ನಾ ಮಾಡಲೇ ಇಲ್ಲ."

ಕ್ಷಮಿಸು ಎನ್ನಲಿಲ್ಲ, ಕಾರಣವನ್ನೂ ಹೇಳಲಿಲ್ಲ. ಅತ್ತಿಗೆ ಹೋಗಿ ಬಾವಿಗೆ ಕೊಡ ಇಳಿಸಿದಳು.

ಅಂದಿನಿಂದ ಅವಳು ಬೆಳಿಗ್ಗೆ ಊರಿನ ಹೆಂಗಸರೊಟ್ಟಿಗೆ ನೀರಿಗೆ ಹೋಗುವುದನ್ನು ಬಿಟ್ಟಳು. ಸಂಜೆ, ಶಾಲೆ ಬಿಟ್ಟು ಎಲ್ಲರೂ ಹೋದ ಮೇಲೆ ಹೋಗುತ್ತಿದ್ದಳು. ಜವಾನ ಬೇಗ ಬಸ್ಸಿಗೆ ಹೋಗುವವನು, ಗೇಟಿನ ಬೀಗದ ಕೈ ಟೀಚರ ಹತ್ತಿರ. ಅತ್ತಿಗೆ ನೀರು ಸೇದಿ ಮುಗಿಸುವವರೆಗೂ ಅವರು ಜಗಲಿಯಲ್ಲೇ ಕೂತು ಕಾಯುತ್ತಿದ್ದರು. ಒಂದು ದಿನವೂ ಬೇಗ ಮಾಡು ಎಂದದ್ದಿಲ್ಲ. ಅತ್ತಿಗೆ ಅವರ ಕಡೆ ನೋಡುತ್ತಿರಲಿಲ್ಲ. ತುಂಬಿದ ಕೊಡವನ್ನು ಸೊಂಟಕ್ಕೇರಿಸಿ ಗೇಟು ದಾಟಿದ ಮೇಲೆ ಹಿಂದಿನಿಂದ ಬೀಗ ಬೀಳುವ ಸದ್ದು. ಇಬ್ಬರೂ ಬೇರೆ ಊರಿನಿಂದ ಬಂದವರು, ಇಬ್ಬರಿಗೂ ನಮ್ಮೂರಲ್ಲಿ ತಮ್ಮವರೆಂಬವರು ಇರಲಿಲ್ಲ. ಮಾತಾಡಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಅನಿಸುತ್ತಿತ್ತು. ಅತ್ತಿಗೆಯ ಹತ್ತಿರ ಒಮ್ಮೆ ಹೇಳಿಯೂ ನೋಡಿದೆ. "ನೀ ಸುಮ್ನಿರ್" ಎಂದಳು.

ಟೀಚರ್ ವರ್ಗ ಕೇಳಿಕೊಂಡರು. ನಾನು ಕುಂದಾಪುರದಲ್ಲಿ ಪಿಯುಸಿಗೆ ಸೇರಿದ ಮಳೆಗಾಲದಲ್ಲಿ ಹೊರಟರು. ಬಸ್ಸಿಗೆ ಕಾಯುತ್ತಾ ಹೈವೇ ಬದಿಯಲ್ಲಿ ಒಂದು ಟ್ರಂಕು, ಒಂದು ಕೊಡೆ ಇಟ್ಟುಕೊಂಡು ನಿಂತಿದ್ದರು. ಅಮ್ಮ ಮತ್ತು ನಾನು ಹೋಗಿದ್ದೆವು. ಅಮ್ಮ ಅತ್ತಳು. ಟೀಚರ್ ನನ್ನ ತಲೆ ಸವರಿ, "ಓದು ಬಿಡಬ್ಯಾಡ ತಂಗಿ" ಎಂದರು. ಅತ್ತಿಗೆ ಬರಲಿಲ್ಲ. ಒಲೆಯ ಮುಂದೆ ಕೂತವಳು ಎದ್ದಿರಲಿಲ್ಲ. ಮಳೆ ಧಾರಾಕಾರ ಸುರಿಯುತ್ತಿತ್ತು, ಊರಿನ ಬಾವಿಗಳೆಲ್ಲ ತುಂಬಿಕೊಂಡಿದ್ದವು...

ನಾನು ಓದು ಬಿಟ್ಟೆ. ಹೊಲಿಗೆ ಕಲಿತು ಬ್ರಹ್ಮಾವರದಲ್ಲಿ ಅಂಗಡಿ ಹಾಕಿದೆ. ಮದುವೆಯಾಗಲಿಲ್ಲ, ಅದಕ್ಕೆ ಕಾರಣ ನೀರಲ್ಲ. ಅಮ್ಮ ಈಗ ಇಲ್ಲ. ಊರಿಗೆ ನಲ್ಲಿ ಬಂದಿದೆ, ಏಪ್ರಿಲ್ ಬಂತೆಂದರೆ ಅದು ಬರೀ ಗಾಳಿ ಬಿಡುತ್ತದೆ, ಟ್ಯಾಂಕರ್ ಬರುತ್ತದೆ. ಟ್ಯಾಂಕರ್ ನೀರಿಗೆ ಎಲ್ಲರೂ ಹಗಲಲ್ಲೇ ಸಾಲು ನಿಲ್ಲುತ್ತಾರೆ. ಈಗ ಯಾರಿಗೂ ನಾಚಿಕೆಯಿಲ್ಲ. ಊರು ಒಪ್ಪಿಕೊಂಡಿತು. ಟೀಚರ್ ಆಸೆಪಟ್ಟದ್ದು ಇದನ್ನೇ, ಕಟ್ಟ ಕಟ್ಟಿಸಲು, ಮಳೆನೀರಿಗೆ ಡ್ರಮ್ಮು ಇಡಲು ಇನ್ನೂ ಹೊತ್ತು ಇದ್ದಾಗ. ನಮ್ಮ ಮನೆಯಲ್ಲಿ ಮಾತ್ರ ಅತ್ತಿಗೆ ಹಟ ಹಿಡಿದು ಮಾಡಿಗೆ ದೋಣಿ ಕಟ್ಟಿಸಿ ಮಳೆನೀರನ್ನು ಬಾವಿಗೆ ಇಳಿಸಿದ್ದಾಳೆ. ಎಲ್ಲಿ ಕಲಿತೆ ಎಂದು ಅಣ್ಣ ಕೇಳಿದರೆ, ಶಾಲೆಯಲ್ಲಿ ದಿನಾ ಕಾಣುತ್ತಿದ್ದೆನಲ್ಲ ಎಂದಳಂತೆ.

ಭಾನುವಾರ ಆ ಪಾತ್ರೆಯನ್ನು ಅಲ್ಲೇ ಬಿಟ್ಟು ಎದ್ದವಳಿಗೆ ಟೀಚರ ಸ್ವರ ಕೇಳಬೇಕೆನಿಸಿತು. ಇಷ್ಟು ವರ್ಷ ಯಾಕೆ ಅನಿಸಲಿಲ್ಲವೋ ತಿಳಿಯದು. ಹಳೆಯ ಹೆಡ್ ಮಾಸ್ಟರಿಗೆ ಫೋನು ಮಾಡಿದೆ, ಅವರು ಇನ್ನೊಬ್ಬರ ನಂಬರು ಕೊಟ್ಟರು, ಅವರಿಂದ ಮತ್ತೊಬ್ಬರದು. ಕೊನೆಗೆ ಎತ್ತಿದ್ದು ಟೀಚರ ತಮ್ಮನ ಮಗ. ಯಾರು ಬೇಕಿತ್ತು ಎಂದ. ಹೇಳಿದೆ.

"ಅತ್ತಿ ಹೋದ್ಲರಿ, ಹೋದ ಚಳಿಗಾಲದಾಗ. ರಿಟೈರ್ ಆದಮ್ಯಾಲೆ ನಮ್ಮ ಮನಿಗೆ ಬಾ ಅಂತ ಭಾಳ ಕರದ್ವಿ, ಬರಲಿಲ್ಲ. ಒಬ್ಬಾಕಿನ ಇದ್ಲು. ಬಾಗಿಲಾ ತಗೀಲಿಲ್ಲ ಅಂತ ಹಾಲಿನಾಂವ ಫೋನ್ ಮಾಡಿದ, ಅವಾಗ ಗೊತ್ತಾತು."

ನಾನು ಯಾರೆಂದು ಕೇಳಿದ. ಕರಾವಳಿಯಲ್ಲಿ ಅವರ ಹತ್ತಿರ ಕಲಿತವಳು ಎಂದೆ. ಆ ಕಡೆಯೂ ಇದ್ದರಾ ಅತ್ತೆ ಎಂದು ಅವನಿಗೆ ಆಶ್ಚರ್ಯ. ನಮ್ಮೂರಿನ ಬಗ್ಗೆ ಅವರು ಮನೆಯಲ್ಲಿ ಒಂದು ಮಾತೂ ಆಡಿರಲಿಲ್ಲ.

ಅತ್ತಿಗೆಗೆ ಹೇಳುವುದೋ ಬೇಡವೋ ಎಂದು ಸಂಜೆಯವರೆಗೂ ಒದ್ದಾಡಿದೆ. ಟೀಚರ ಸುದ್ದಿ ಎತ್ತಿದರೆ ಇಷ್ಟು ವರ್ಷವೂ ಅವಳು ಎದ್ದು ಒಳಗೆ ಹೋಗುತ್ತಿದ್ದವಳು. ಕೊನೆಗೆ ಫೋನು ಮಾಡಿ ಹೇಳಿಬಿಟ್ಟೆ. ಆಚೆ ಕಡೆ ಪಾತ್ರೆಯ ಸದ್ದು ನಿಂತಿತು.

"ಜೀವ ಹೋಪತಿಗೆ ಒಬ್ರೇ ಇದ್ರಾ?" ಎಂದಳು.

ಅವಳು ಕಾಯುತ್ತಿದ್ದಳು.

"ಇಲ್ಲೆ ಅತ್ಗೆ. ತಮ್ಮನ್ ಮನೆಯಂಗಿದ್ರಂಬ್ರ್. ಮಕ್ಳ್ ಮರಿ ಎಲ್ಲ ಸುತ್ತ ಇದ್ರಂಬ್ರ್."

"ಹಾಂಗಾರೆ ಅಡ್ಡಿಲ್ಲೆ" ಎಂದಳು ಅತ್ತಿಗೆ. ಇನ್ನೊಮ್ಮೆ "ಅಡ್ಡಿಲ್ಲೆ" ಎಂದಳು. ಆಮೇಲೆ ಅವಳು ಬಾಯಿಗೆ ಸೆರಗು ಒತ್ತಿಕೊಂಡು ಅಳುವುದು ಕೇಳಿಸಿತು. ನನಗೂ ತಡೆಯಲಾಗಲಿಲ್ಲ. ಇಬ್ಬರಲ್ಲಿ ಯಾರೂ ಫೋನು ಇಡಲಿಲ್ಲ.